ಕೊರೊನಾ ಕಾಲದಲ್ಲಿ ಸಭೆಯ ಮುಂದಾಳುಗಳನ್ನು ಹೇಗೆ ತಯಾರು ಮಾಡಿದಿರಿ?

ಮೂಡಿಗೆರೆ ಕಡೆಯ ಚಿಕ್ಕ ಕ್ರೈಸ್ತ ಸಭೆಯೊಂದರಲ್ಲಿ ಯುವಜನ ಸಂಘ ನೋಡಿಕೊಳ್ಳುತ್ತಿದ್ದೇನೆ ಅಂತ ಬರೆದಿದ್ದೀರಿ. ಕೊರೊನಾ ಸಮಯದಲ್ಲಿ ಸಭೆಗಳು ತಮ್ಮ ಮುಂದಾಳುಗಳಿಗೆ ತರಬೇತಿ ಕೊಟ್ಟದ್ದು ಹೇಗೆ, ಆನ್‌ಲೈನ್ ಕ್ಲಾಸು ಕೆಲಸಕ್ಕೆ ಬಂತಾ, ನಿಮ್ಮ ಎಂಟು ಜನ ಯುವಕ ಯುವತಿಯರಿಗೂ ಅದನ್ನೇ ಮಾಡಬಹುದಾ ಅಂತ ಕೇಳಿದ್ದೀರಿ. ನಾನು ಸಕಲೇಶಪುರ ತಾಲ್ಲೂಕಿನ ಒಂದು ಸಭೆಯ ಪಾಲಕ. ನಮ್ಮಲ್ಲಿ ಕ್ಲಾಸಿನಿಂದ ಒಬ್ಬರೂ ಮುಂದಾಳು ಆಗಲಿಲ್ಲ. ಒಬ್ಬೊಬ್ಬರಿಗೆ ಹತ್ತು ಮನೆ ನೋಡಿಕೊಳ್ಳಲು ಒಪ್ಪಿಸಿದ ಮೇಲೆ ಆದರು.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ಏಪ್ರಿಲ್ 5 ಗರಿಗಳ ಭಾನುವಾರ, 10 ಶುಭ ಶುಕ್ರವಾರ, 12 ಈಸ್ಟರ್. ಸಭೆ ತುಂಬಿ ತುಳುಕಬೇಕಾದ ದಿನಗಳಲ್ಲೇ ಬಾಗಿಲಿಗೆ ಬೀಗ. ಅಲ್ಲಿಯವರೆಗೆ ಪ್ರಸಂಗ, ಮನೆ ಪ್ರಾರ್ಥನೆ, ಕಾಯಿಲೆಯವರನ್ನು ನೋಡಿಬರುವುದು, ಗಂಡ ಹೆಂಡಿರ ಜಗಳ ಬಿಡಿಸುವುದು, ಎಲ್ಲವನ್ನೂ ನಾನೇ ಮಾಡುತ್ತಿದ್ದೆ. ಅದೇ ಸೇವೆ ಅಂದುಕೊಂಡಿದ್ದೆ. ನಾನು ಮನೆಯಿಂದ ಹೊರಡದ ಆ ದಿನಗಳಲ್ಲಿ ಯಾರ ಮನೆಯಲ್ಲಿ ಅಕ್ಕಿ ಮುಗಿದಿದೆ, ಯಾರಿಗೆ ಬಿಪಿ ಮಾತ್ರೆ ಇಲ್ಲ ಅನ್ನುವುದು ಸಭೆಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಆ ತಪ್ಪು ನನ್ನದೇ.

ಝೂಮ್‌ನಲ್ಲಿ ಕ್ಲಾಸು ಶುರು ಮಾಡಿದೆ. ಪಾಠವನ್ನೇನೋ ಶ್ರದ್ಧೆಯಿಂದ ತಯಾರಿಸಿದ್ದೆ. ಆದರೆ ನಮ್ಮವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಾಫಿ ತೋಟದ ಲೈನ್ ಮನೆಗಳಲ್ಲಿರುವವರು. ಮನೆಗೊಂದು ಫೋನು, ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ದುಡ್ಡು ಕಟ್ಟದ ಝೂಮ್ ನಲವತ್ತು ನಿಮಿಷಕ್ಕೆ ಕಡಿದುಹೋಗುತ್ತದೆ. ಮತ್ತೆ ಸೇರಿಕೊಳ್ಳುವಷ್ಟರಲ್ಲಿ ಅರ್ಧ ಜನ ಇರುತ್ತಿರಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯ. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ಜನರ ನ್ಯಾಯ ತೀರಿಸುವುದನ್ನು ಅವನ ಮಾವ ಇತ್ರೋನು ನೋಡುತ್ತಾನೆ. ಹೀಗಾದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ, ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು ಅನ್ನುತ್ತಾನೆ. ನಾನು ಎಷ್ಟೋ ಸಲ ಪ್ರಸಂಗ ಮಾಡಿದ ಭಾಗ ಇದು, ಮಾಡಿ ನೋಡಿರಲಿಲ್ಲ ಅಷ್ಟೆ. ನಮ್ಮ ನಾಡಿನ ಸಭೆಗಳಿಗೆ ಇದು ಹೊಸತೂ ಅಲ್ಲ. ಮಿಷನ್ ಕಾಲದಲ್ಲಿ ಹಳ್ಳಿ ಸಭೆಗಳನ್ನು ದಿನದಿನ ನೋಡಿಕೊಂಡವರು ಉಪದೇಶಿಗಳು, ಅಂದರೆ ವಾಕ್ಯ ಕಲಿಸುವ ಸ್ಥಳೀಯ ಸೇವಕರು. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್‌ನವರು 1847ರಲ್ಲೇ ಮಂಗಳೂರಿನಲ್ಲಿ ಸೆಮಿನರಿ ತೆರೆದದ್ದು ಸ್ಥಳೀಯ ಸೇವಕರನ್ನು ತಯಾರು ಮಾಡಲೆಂದೇ. ಆ ಸೆಮಿನರಿಯೇ 1965ರಲ್ಲಿ ತುಮಕೂರಿನ ಸೆಮಿನರಿಯೊಂದಿಗೆ ಸೇರಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜ್ ಆಯಿತು.

ನಮ್ಮ ಫೋನಿನ ಕಾನ್ಫರೆನ್ಸ್ ಕಾಲ್‌ಗೆ ಐದು ಜನರನ್ನು ಸೇರಿಸಬಹುದಿತ್ತು, ಹಾಗಾಗಿ ಐದೇ ಜನರನ್ನು ಆರಿಸಿದೆ. ಮೂವರು ಹೆಂಗಸರು, ಇಬ್ಬರು ಗಂಡಸರು. ಒಬ್ಬೊಬ್ಬರಿಗೆ ಹತ್ತು ಮನೆ, ಅದೂ ಅವರವರ ಹತ್ತಿರದ ಮನೆಗಳೇ. ಮಳೆಗೆ ಟವರ್ ಕೈಕೊಟ್ಟರೂ ನಡೆದು ಹೋಗಿ ಅಂಗಳದಲ್ಲಿ ನಿಂತು ಮಾತಾಡಿಸಿ ಬರಬಹುದಿತ್ತು. ಕೈಗೊಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟೆ. ಗೆರೆ ಎಳೆದು ನಾಲ್ಕು ಕಾಲಂ: ತಾರೀಖು, ಮನೆ, ಏನು ಹೇಳಿದರು, ಏನು ಬಾಕಿ. ಮೊದಲು ಊಟದ ವಿಚಾರ ಕೇಳಿ, ಆಮೇಲೆ ಔಷಧಿ, ಕೊನೆಗೆ ಪ್ರಾರ್ಥನೆ ಅಂದಿದ್ದೆ. ಪ್ರತಿ ಮಂಗಳವಾರ ರಾತ್ರಿ ಎಂಟಕ್ಕೆ ಕಾಲ್. ಅವರು ನೋಟ್‌ಬುಕ್ ಓದುತ್ತಿದ್ದರು, ನಾನು ಕೇಳುತ್ತಿದ್ದೆ. ಅಲ್ಲಿ ಬಂದ ಕಷ್ಟಕ್ಕೆ ಸರಿಯಾದ ವಾಕ್ಯಭಾಗ ಹುಡುಕಿ ಓದುವುದೇ ಆ ವಾರದ ಪಾಠ.

ಎಡವಿದ್ದೂ ಉಂಟು. ಅಕ್ಕಿ ಬೇಳೆ ಹಂಚಿದ ಫೋಟೋವನ್ನು ನಮ್ಮವರೊಬ್ಬರು ಗ್ರೂಪಿಗೆ ಹಾಕಿದರು. ಮಾರನೆಯ ದಿನ ಒಬ್ಬ ಅಜ್ಜಿ ಚೀಲವನ್ನು ಹಾಗೆಯೇ ವಾಪಸ್ ಕಳಿಸಿದರು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅಲ್ಲಿಗೆ ಫೋಟೋ ನಿಂತಿತು. 2021ರ ಏಪ್ರಿಲ್‌ನಲ್ಲಿ 45 ದಾಟಿದವರಿಗೆಲ್ಲ ಲಸಿಕೆ ಶುರುವಾದಾಗ ಇನ್ನೊಬ್ಬರು ಲಸಿಕೆ ಬೇಡ ಅನ್ನುವ ವಿಡಿಯೋ ಹಂಚಿದರು. ಎಲ್ಲರೆದುರು ಗದರಿಸಲಿಲ್ಲ. ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಇಬ್ಬರೂ ಜೊತೆಯಲ್ಲೇ ಚುಚ್ಚಿಸಿಕೊಂಡು ಬಂದೆವು. ಆಮೇಲೆ ಅವರ ಹತ್ತು ಮನೆಯವರನ್ನೂ ಅವರೇ ಕರೆದುಕೊಂಡು ಹೋದರು.

ಮೇ ತಿಂಗಳಲ್ಲಿ ನನಗೇ ಪಾಸಿಟಿವ್ ಬಂತು. ಕೋಣೆಯಿಂದ ಹೊರಗೆ ಬರುವಂತಿರಲಿಲ್ಲ. ಅದೇ ವಾರ ಸಭೆಯ ಹಿರಿಯರೊಬ್ಬರು ತೀರಿಕೊಂಡರು. ಮಣ್ಣಿಗೆ ಐದೇ ಜನ ಅನ್ನುವ ನಿಯಮ. ಅವರ ಮನೆ ನೋಡಿಕೊಳ್ಳುತ್ತಿದ್ದವರು ತೋಟದಲ್ಲಿ ಜೀಪ್ ಓಡಿಸುವ ನಮ್ಮ ಹುಡುಗ. "ಅಯ್ಯನವರೇ, ನನ್ನ ಕೈಲಿ ಆಗಲ್ಲ" ಅಂದ. ರಾತ್ರಿ ಹನ್ನೊಂದರವರೆಗೆ ಮಣ್ಣು ಮಾಡುವಾಗಿನ ಪ್ರಾರ್ಥನೆಯನ್ನು ಫೋನಿನಲ್ಲಿ ಓದಿಸಿದೆ. ಎಲ್ಲಿ ನಿಲ್ಲಿಸಬೇಕು, ಯಾವ ಮಾತಿಗೆ ಮೊದಲ ಹಿಡಿ ಮಣ್ಣು, ಮನೆಯವರು ಅತ್ತರೆ ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲವನ್ನೂ. ಬೆಂಗಳೂರಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಆ ಹಿರಿಯರ ಮಗ ಕೇಳಲೆಂದು ನಮ್ಮ ಹುಡುಗ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಪೆಟ್ಟಿಗೆಯ ಪಕ್ಕ ಇಟ್ಟಿದ್ದ. ನಾನೂ ಅದೇ ಕಾಲ್‌ನಲ್ಲಿದ್ದೆ. ನಡುವೆ ಮಳೆ ಸುರಿಯಿತು, ಪುಸ್ತಕದ ಹಾಳೆ ಒದ್ದೆಯಾಗಿ ಅಂಟಿಕೊಂಡಿತಂತೆ. ಒಂದು ಕ್ಷಣ ಬರೀ ಮಳೆಯ ಸದ್ದು. ಆಮೇಲೆ ಉಳಿದದ್ದನ್ನು ಬಾಯಿಪಾಠದಿಂದಲೇ ನಿಧಾನವಾಗಿ ಹೇಳಿ ಮುಗಿಸಿದ. ಮುಂದಿನ ಏಳು ಸಂಜೆ ಆ ಮನೆಯ ಅಂಗಳದಲ್ಲಿ, ಜಗಲಿಯಿಂದ ದೂರ ಕುರ್ಚಿ ಹಾಕಿಕೊಂಡು ಕೂತು ಬಂದ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಫೋನಿನಲ್ಲಿ ಆಗದ್ದೂ ಇದೆ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನಕ್ಕೆ ನಾವು ಬಾಗಿಲು ತೆರೆಯುವವರೆಗೆ ಕಾದೆವು. 2020ರ ಜೂನ್ 8ರಿಂದ ಆರಾಧನಾ ಸ್ಥಳ ತೆರೆಯಲು ಅನುಮತಿ ಬಂದಾಗಲೂ 65 ದಾಟಿದವರು ಮನೆಯಲ್ಲೇ ಇರಬೇಕೆಂದು ಸೂಚನೆಯಿತ್ತು, ಅವರು ಇನ್ನೂ ಕಾಯಬೇಕಾಯಿತು. ದುಡ್ಡಿನ ವ್ಯಾಜ್ಯ, ಮನಸ್ತಾಪಗಳನ್ನೂ ಎದುರು ಕೂತೇ ಬಗೆಹರಿಸಬೇಕು. ದೂರದಿಂದ ಮಾತಾಡಿದಷ್ಟೂ ಕೆಟ್ಟವು.

ನಿಮ್ಮ ಎಂಟು ಜನಕ್ಕೆ ಹತ್ತು ಮನೆ ಜಾಸ್ತಿಯಾದೀತು, ಮೂರು ಮೂರು ಕೊಡಿ. ಇಬ್ಬಿಬ್ಬರು ಜೊತೆಯಾಗಿ ಹೋಗಲಿ, ಹುಡುಗಿಯರನ್ನು ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಕಳಿಸಬೇಡಿ. ವಾರಕ್ಕೊಮ್ಮೆ ನೀವು ನೋಟ್‌ಬುಕ್ ಕೇಳಲೇಬೇಕು, ಎರಡು ವಾರ ಕೇಳದಿದ್ದರೆ ಬರೆಯುವುದನ್ನು ಬಿಡುತ್ತಾರೆ. ಆನ್‌ಲೈನ್ ಕೋರ್ಸು ಬೇಕಾದವರು ಆರು ತಿಂಗಳ ನಂತರ ಸೇರಿಕೊಳ್ಳಲಿ, ಅಷ್ಟರಲ್ಲಿ ಅವರ ಬಳಿ ಕೇಳಲು ಪ್ರಶ್ನೆಗಳಿರುತ್ತವೆ. ಮೂಡಿಗೆರೆಯ ಮಳೆ ನಿಮಗೇ ಗೊತ್ತು, ಜೂನ್‌ಗೆ ಮೊದಲೇ ಮನೆ ಹಂಚಿಬಿಡಿ.