ಎರಡು ಸಾವಿರ ರೂಪಾಯಿ ಮತ್ತು ತೊಗರಿ ಕಟಾವು

ಪ್ರಶ್ನೆ: ಗೃಹಲಕ್ಷ್ಮಿ ಹಣ ಬಂದ ಮೇಲೆ ತೊಗರಿ ಕಟಾವಿಗೆ ಹೆಂಗಸರೇ ಸಿಗುತ್ತಿಲ್ಲ. ಬಿಟ್ಟಿ ಹಣ ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತಿಲ್ಲವೇ?
– ಒಬ್ಬ ರೈತ, ಚಿತ್ತಾಪುರ

ಉತ್ತರ: ಆಳು ಸಿಗದ ನಿಮ್ಮ ಸಂಕಟ ನಿಜ. ಆದರೆ ತಿಂಗಳಿಗೆ 2,000 ಎಂದರೆ ದಿನಕ್ಕೆ 67 ರೂಪಾಯಿಯೂ ಆಗುವುದಿಲ್ಲ. ಅಷ್ಟರಲ್ಲಿ ಯಾವ ಮನೆಯೂ ಕೈಕಟ್ಟಿ ಕೂರಲಾರದು. ಕಲಬುರಗಿಯ ನಮ್ಮ ಓಣಿಯ ತಾಯಿಯೊಬ್ಬರು ಆ ಹಣದಲ್ಲಿ ಮೊದಲು ತೀರಿಸಿದ್ದು ಕಿರಾಣಿ ಅಂಗಡಿಯ ಉದ್ದರಿ. ಆಮೇಲೆ ಹಳೆಯದೊಂದು ಹೊಲಿಗೆ ಯಂತ್ರ ಕೊಂಡರು. ಕೂಲಿಗೆ ಈಗಲೂ ಹೋಗುತ್ತಾರೆ. ಸಾಲ ಕೊಟ್ಟ ಧಣಿಯ ಹೊಲಕ್ಕೆ, ಅವನು ಹೇಳಿದಷ್ಟೇ ಕೂಲಿಗೆ ಹೋಗುವುದನ್ನು ಮಾತ್ರ ಬಿಟ್ಟಿದ್ದಾರೆ. ಇದನ್ನು ಸೋಮಾರಿತನ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ನಮ್ಮ ಬಡತನ ಈ ಯೋಜನೆಗಿಂತ ಬಹಳ ಹಳೆಯದು. 2002ರಲ್ಲೇ, ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಕಟಾವಿಗೆ ಬರಬೇಕಾದ ಎಷ್ಟೋ ಗಟ್ಟಿಮುಟ್ಟಾದ ಕೈಗಳು ಬೆಂಗಳೂರು, ಪುಣೆ, ಮುಂಬೈಗಳಲ್ಲಿ ಇಟ್ಟಿಗೆ ಹೊರುತ್ತಿವೆ. ಸರ್ಕಾರವನ್ನು ಕೇಳುವುದಾದರೆ ಊರಲ್ಲೇ ಕೆಲಸ ಕೇಳಿ, ತೊಗರಿಗೆ ಸ್ಥಿರ ಬೆಲೆ ಕೇಳಿ. ಬೆಲೆ ಸಿಕ್ಕರೆ ನೀವೂ ಒಳ್ಳೆಯ ಕೂಲಿ ಕೊಡಬಲ್ಲಿರಿ. ಆ ಹೆಂಗಸರ 2,000ದ ಮೇಲೆ ಮಾತ್ರ ಕಣ್ಣು ಹಾಕಬೇಡಿ.