ಲ್ಯಾಪ್‌ಟಾಪ್ ಹ್ಯಾಂಗ್ ಆಗ್ತಿದ್ರೆ ಮೊದಲು ಫ್ಯಾನ್ ನೋಡಿ ಸಾರ್

ಅರ್ಧ ಗಂಟೆ ಓಡಿ ಲ್ಯಾಪ್‌ಟಾಪ್ ನಿಂತುಬಿಡುತ್ತೆ, ಮೌಸ್ ಕೂಡ ಅಲ್ಲಾಡಲ್ಲ, ವಿಂಡೋಸ್ ಹೊಸದಾಗಿ ಹಾಕಿಸಿದರೂ ಅದೇ ಕಥೆ ಅಂದಿದ್ದೀರಿ. ಹಾಗಾದರೆ ಸುಮ್ನೆ ಮತ್ತೆ ವಿಂಡೋಸ್‌ಗೆ ದುಡ್ಡು ಹಾಕಬೇಡಿ. ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲು, ಧೂಳು ಗೊತ್ತಲ್ವಾ? ನನ್ನದೂ ಹೀಗೇ ನಿಲ್ಲುತ್ತಿತ್ತು. ತಳದ ಮುಚ್ಚಳ ಬಿಚ್ಚಿದರೆ, ಫ್ಯಾನಿನ ಗಾಳಿ ಹೊರಗೆ ಹೋಗುವ ಜಾಲರಿಗೆ ಧೂಳು ಕಂಬಳಿ ಥರ ಅಂಟಿಕೊಂಡು, ಬಿಸಿ ಒಳಗೇ ಉಳಿಯುತ್ತಿತ್ತು. ಮೆತ್ತನೆ ಬ್ರಷ್‌ನಲ್ಲಿ ತೆಗೆದು, ಪ್ರೊಸೆಸರ್ ಮೇಲೆ ಒಣಗಿದ್ದ ಥರ್ಮಲ್ ಪೇಸ್ಟ್ (ಅದರ ಬಿಸಿಯನ್ನು ಹೊರಗೆ ಸಾಗಿಸುವ ಲೇಪ) ಬದಲಿಸಿದ ಮೇಲೆ ಸರಿಹೋಯಿತು.

ತಣ್ಣಗಿದ್ದಾಗಲೂ ನಿಂತರೆ ನನಗೆ ರ‍್ಯಾಮ್ (ಲ್ಯಾಪ್‌ಟಾಪಿನ ತಾತ್ಕಾಲಿಕ ಮೆಮೊರಿ) ಮೇಲೆ ಅನುಮಾನ. ಸ್ಟಾರ್ಟ್‌ನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಹುಡುಕಿ ಓಡಿಸಿ, ಅದು ಆ ಮೆಮೊರಿಯನ್ನು ಪರೀಕ್ಷಿಸುತ್ತೆ. ಹಳೇ ಹಾರ್ಡ್ ಡಿಸ್ಕ್ ಇದ್ದು ಟಕ್ ಟಕ್ ಸದ್ದು ಬರುತ್ತಿದ್ದರೆ ಮಾತ್ರ ಇವತ್ತೇ ಫೋಟೋ, ಲೆಕ್ಕದ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಮಿಕ್ಕ ರಿಪೇರಿ ಆಮೇಲೆ.