ಹಳೆ ಸ್ಟೀರಿಯೊ ಮಾರಬೇಡಿ

ಪ್ರಶ್ನೆ: ನನ್ನ ಹತ್ತಿರ ಹದಿನೆಂಟು ವರ್ಷದ ಹಿಂದೆ ಕೊಂಡ ಸ್ಟೀರಿಯೊ ಆಂಪ್ಲಿಫೈಯರ್ ಇದೆ, ಸೊಂಟದೆತ್ತರದ ಎರಡು ಸ್ಪೀಕರ್ ಇವೆ. ವಚನ, ಹಿಂದುಸ್ತಾನಿ ಕೇಳೋಕೆ ಇವತ್ತಿಗೂ ನನಗೆ ಅವೇ ಬೇಕು. ಮಕ್ಕಳಿಗೆ ಸಿನಿಮಾಕ್ಕೆ ಸರೌಂಡ್ ಬೇಕಂತೆ, ಇದನ್ನು ಮಾರಿ ಹೊಸ ಹೋಮ್ ಥಿಯೇಟರ್ ಸೆಟ್ ತರೋಣ ಅಂತಾರೆ. ಹಾಲ್ 12 ಅಡಿಗೆ 15 ಅಡಿ, ನೆಲಕ್ಕೆ ಶಹಾಬಾದ್ ಕಲ್ಲು. ಏನು ಮಾಡಲಿ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಮಾರಬೇಡಿ. ಸೆಟ್‌ನಲ್ಲಿ ಬರುವ ಪುಟ್ಟ ಸ್ಪೀಕರ್‌ಗಳಲ್ಲಿ ತಂಬೂರಿ ಕೇಳಿದ ಮೇಲೆ ನೀವೇ ಪಶ್ಚಾತ್ತಾಪ ಪಡ್ತೀರಿ.

ನಿಮಗೆ ಬೇಕಿರುವುದು ಒಂದು ಎವಿ ರಿಸೀವರ್, ಅಂದರೆ ಸಿನಿಮಾದ ಸದ್ದನ್ನು ಎಲ್ಲಾ ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ. ಆದರೆ ಹಿಂಭಾಗದಲ್ಲಿ 'ಫ್ರಂಟ್ ಪ್ರೀ ಔಟ್' ಇರಬೇಕು, ಅಂದರೆ ಮುಂದಿನ ಸ್ಪೀಕರ್‌ಗಳ ಸದ್ದನ್ನು ಬೇರೆ ಆಂಪ್ಲಿಫೈಯರ್‌ಗೆ ಕಳಿಸುವ ತೂತು. ಕಡಿಮೆ ಬೆಲೆಯ ಎಷ್ಟೋ ರಿಸೀವರ್‌ಗಳಲ್ಲಿ ಸಬ್‌ವೂಫರ್‌ಗೆ (ಬೇಸ್ ಸದ್ದಿನ ಪೆಟ್ಟಿಗೆ) ಮಾತ್ರ ಪ್ರೀ ಔಟ್ ಇರುತ್ತೆ, ಹಾಗಾಗಿ ಅಂಗಡಿಯಲ್ಲಿ ಡಬ್ಬ ಬಿಚ್ಚಿಸಿ ಹಿಂದೆ ತಿರುಗಿಸಿ ನೋಡಿ, ನಾಚಿಕೆ ಬೇಡ. ಆ ಪ್ರೀ ಔಟ್‌ನಿಂದ ಎಡ-ಬಲ ಎರಡು ಪಿನ್ನಿನ ಒಂದು ಆರ್‌ಸಿಎ ಕೇಬಲ್ ಎಳೆದು ನಿಮ್ಮ ಆಂಪ್ಲಿಫೈಯರ್‌ನ 'ಆಕ್ಸ್' ಇನ್‌ಪುಟ್‌ಗೆ ಕೊಡಿ. ಮುಂದಿನ ಎರಡು ಸ್ಪೀಕರ್ ಈಗಿರುವ ಹಾಗೇ ಹಳೆ ಆಂಪ್ಲಿಫೈಯರ್‌ನಲ್ಲೇ ಇರಲಿ, ಹೊಸದಾಗಿ ಕೊಳ್ಳುವ ಮಧ್ಯದ್ದು ಮತ್ತು ಹಿಂದಿನವು ರಿಸೀವರ್‌ಗೆ ಹೋಗಲಿ. ಹಾಡು ಕೇಳುವಾಗ ರಿಸೀವರ್ ಆನ್ ಮಾಡುವುದೇ ಬೇಡ.

ಸಿನಿಮಾ ನೋಡುವಾಗ ಹಳೆ ಆಂಪ್ಲಿಫೈಯರ್‌ನ ವಾಲ್ಯೂಮ್ ಯಾವಾಗಲೂ ಒಂದೇ ಜಾಗದಲ್ಲಿರಬೇಕು. ಗುಂಡಿಯ ಪಕ್ಕ ಒಂದು ಚುಕ್ಕಿ ಇಡಿ, ಅಲ್ಲಿಗೆ ತಿರುಗಿಸಿ, ಆಮೇಲೆ ರಿಸೀವರ್ ಜೊತೆ ಬರುವ ಮೈಕ್ ಇಟ್ಟು ಸ್ಪೀಕರ್‌ಗಳ ಸದ್ದು ಹೊಂದಿಸುವ ಸೆಟಪ್ ಮಾಡಿ. ಆ ವಾಲ್ಯೂಮ್ ಆಚೀಚೆಯಾದರೆ ಮುಂದಿನ ಸದ್ದಿಗೂ ಹಿಂದಿನ ಸದ್ದಿಗೂ ತಾಳ ತಪ್ಪುತ್ತೆ. ಇನ್ನೊಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಒಂದೇ ಸ್ಪೀಕರ್‌ಗೆ ಎರಡೂ ಆಂಪ್ಲಿಫೈಯರ್‌ನ ವೈರ್ ಒಟ್ಟಿಗೆ ಸಿಕ್ಕಿಸಬೇಡಿ, ಆಂಪ್ಲಿಫೈಯರ್ ಸುಟ್ಟು ಹೋಗಬಹುದು.

ಎಲ್ಲಾ ಒಂದೇ ದಿನ ಕೊಳ್ಳಬೇಕಿಲ್ಲ. ಸಬ್‌ವೂಫರ್ ಕಾಯಬಹುದು, ನಿಮ್ಮ ದೊಡ್ಡ ಸ್ಪೀಕರ್‌ಗಳಲ್ಲೇ ಸಾಕಷ್ಟು ಬೇಸ್ ಇದೆ. ಮಧ್ಯದ ಸ್ಪೀಕರ್ ಮಾತ್ರ ಮನೆಮಂದಿ ಎಲ್ಲಾ ಕೂತು ನೋಡುವುದಾದರೆ ಬೇಕೇ ಬೇಕು, ಯಾಕಂದ್ರೆ ಸಿನಿಮಾದ ಮಾತು ಹೆಚ್ಚಾಗಿ ಬರುವುದೇ ಅದರಿಂದ, ಅದಿಲ್ಲದಿದ್ದರೆ ಪಕ್ಕಕ್ಕೆ ಕೂತವರಿಗೆ ಹೀರೋ ಪರದೆಯಲ್ಲಿ, ಅವನ ಮಾತು ಮೂಲೆಯಲ್ಲಿ. ಒಬ್ಬರೇ ನಡುವೆ ಕೂರ್ತೀರಾ? ಹಾಗಾದರೆ ಸೆಟಪ್‌ನಲ್ಲಿ 'ಸೆಂಟರ್ ಇಲ್ಲ' ಅಂತ ಕೊಟ್ಟರೆ ಸದ್ಯಕ್ಕೆ ನಡೆಯುತ್ತೆ.

ಹಿಂದಿನ ಸ್ಪೀಕರ್‌ಗಳನ್ನು ಗೋಡೆಯ ಎತ್ತರದ ಸಜ್ಜಾಕ್ಕೆ ಏರಿಸಬೇಡಿ. ಕೂತವರ ಕಿವಿಗಿಂತ ಸ್ವಲ್ಪ ಮೇಲೆ, ಎರಡೂ ಪಕ್ಕಕ್ಕೆ, ತುಸು ಹಿಂದೆ ಇರಲಿ. ನೇರ ಮುಂದಕ್ಕೆ ಸೊನ್ನೆ ಅಂತ ಎಣಿಸಿದರೆ 110ರಿಂದ 120 ಡಿಗ್ರಿ. ವೈರ್‌ಗೆ ಕಲ್ಲು ಒಡೆಸುವುದು ಬೇಡ, ಗೋಡೆಯಂಚಿಗೆ ಪಟ್ಟಿ ಹೊಡೆಸಿ.

ಈಗ ನಿಮ್ಮ ಶಹಾಬಾದ್ ಕಲ್ಲು. ಬೇಸಿಗೆಗೆ ತಂಪು, ನಿಜ. ಸದ್ದಿಗೆ ಮಾತ್ರ ಅದು ಕನ್ನಡಿ ಇದ್ದ ಹಾಗೆ, ಬಿದ್ದದ್ದೆಲ್ಲಾ ವಾಪಸ್ ಎಸೆಯುತ್ತೆ, ಮಾತು ಕಲಸಿಹೋಗುತ್ತೆ. ಸ್ಪೀಕರ್‌ಗೂ ಸೋಫಾಕ್ಕೂ ನಡುವೆ ಒಂದು ದಪ್ಪ ಜಮಖಾನ ಹಾಸಿ, ಕಿಟಕಿಗೆ ಭಾರದ ಪರದೆ ಕಟ್ಟಿ. ಇದನ್ನು ರಿಸೀವರ್ ಕೊಳ್ಳುವ ಮೊದಲೇ ಮಾಡಿ ನೋಡಿ, ಹಳೆ ಸ್ಟೀರಿಯೊದಲ್ಲೇ ವ್ಯತ್ಯಾಸ ಕೇಳಿಸುತ್ತೆ. ರಿಸೀವರನ್ನು ಹಳೆ ಆಂಪ್ಲಿಫೈಯರ್ ತಲೆ ಮೇಲೆ ಕೂರಿಸಬೇಡಿ. ನಮ್ಮ ಮೇ ತಿಂಗಳು 40 ಡಿಗ್ರಿ ದಾಟುತ್ತೆ, ಎರಡೂ ಬಿಸಿಯಾಗುವ ಪೆಟ್ಟಿಗೆಗಳು, ಮೇಲೆ ಗಾಳಿಯಾಡಲು ಜಾಗ ಬೇಕು.

ಪ್ರಶ್ನೆ: ಐದು ಸ್ಪೀಕರ್ ಹಾಕಿಸಿದ್ದೇನೆ, ಟಿವಿಯಿಂದ ರಿಸೀವರ್‌ಗೆ ಎಚ್‌ಡಿಎಂಐ ಕೊಟ್ಟಿದ್ದೇನೆ. ಆದರೂ ಮುಂದಿನ ಎರಡೇ ಮಾತಾಡ್ತವೆ.
– ಓದುಗರು, ಬೀದರ್

ಉತ್ತರ: ಸ್ಪೀಕರ್ ಬಿಚ್ಚುವ ಮೊದಲು ಟಿವಿಯ ಸೌಂಡ್ ಸೆಟ್ಟಿಂಗ್ ತೆಗೆಯಿರಿ. ಡಿಜಿಟಲ್ ಔಟ್‌ಪುಟ್ 'ಪಿಸಿಎಂ' ಅಂತ ಇದ್ದರೆ ಬಹಳಷ್ಟು ಟಿವಿಗಳು ಎರಡೇ ಚಾನೆಲ್ ಕಳಿಸುತ್ತವೆ. ಅದನ್ನು 'ಬಿಟ್‌ಸ್ಟ್ರೀಮ್' ಅಥವಾ 'ಆಟೊ' ಮಾಡಿ. ಕೇಬಲ್ 'ಎಆರ್‌ಸಿ' (ಟಿವಿಯ ಸದ್ದನ್ನು ರಿಸೀವರ್‌ಗೆ ಕಳಿಸುವ ದಾರಿ) ಅಂತ ಬರೆದಿರುವ ತೂತಿಗೇ ಹೋಗಿರಬೇಕು, ಅದನ್ನೂ ನೋಡಿ. ಇಷ್ಟಾದ ಮೇಲೂ ಧಾರಾವಾಹಿಗೆ ಹಿಂದಿನ ಸ್ಪೀಕರ್ ಸುಮ್ನಿದ್ದರೆ ಬೈಬೇಡಿ, ಆ ಚಾನೆಲ್ ಬರುವುದೇ ಸ್ಟೀರಿಯೊದಲ್ಲಿ ಇರಬಹುದು.